ಕೆಳಮನೆಯ ಫಾದೋ ಗಾಯನದ ವಿರುದ್ಧ ನಾನು ಸಲ್ಲಿಸಿದ ದೂರು ಮತ್ತು ಅದನ್ನು ಹಿಂಪಡೆದ ಬಗೆ

ಎಂಬತ್ತರ ದಶಕದ ನಡುಭಾಗದಲ್ಲಿ, ಅಮೆರಿಕದ ಸಾಂಟಾ ಕ್ಲಾರಾದ ಹಳೆಯ ಮರದ ಮನೆಯೊಂದರ ಮೇಲ್ಮಹಡಿಯಲ್ಲಿ, ಎಂಟು ತಿಂಗಳ ಹೆಣ್ಣುಮಗುವನ್ನು ಎತ್ತಿಕೊಂಡು ಓಡಾಡುವ ಕೆಲಸಕ್ಕೆ ನಾನು ನಿಯುಕ್ತನಾಗಿದ್ದೆ. ಮಗು ನನ್ನದೇ. ನೇಮಕಾತಿ ಪ್ರಾಧಿಕಾರವು ನನ್ನ ಹೆಂಡತಿಯಾಗಿದ್ದು, ಸೇವಾ ನಿಯಮಗಳು ಮೌಖಿಕವಾಗಿದ್ದವು.

ಹಿನ್ನೆಲೆಯನ್ನು ತಿಳಿಸುವುದು ಸೂಕ್ತ. ನನ್ನ ಹೆಂಡತಿ ಮೈಸೂರಿನಲ್ಲಿ ಓದಿದ ವೈದ್ಯೆ. ಅಮೆರಿಕದಲ್ಲಿ ವೈದ್ಯವೃತ್ತಿ ಮಾಡಬೇಕಾದರೆ ಪರದೇಶದ ವೈದ್ಯರಿಗೆಂದೇ ಇಟ್ಟಿರುವ ಪರೀಕ್ಷೆಯೊಂದನ್ನು ಪಾಸು ಮಾಡಬೇಕಿತ್ತು. ಅವಳು ಅದನ್ನು ಎರಡು ಬಾರಿ ಬರೆದು ಎರಡು ಬಾರಿಯೂ ಕೂದಲೆಳೆಯಲ್ಲಿ ಫೇಲಾಗಿದ್ದಳು. ಮೂರನೆಯ ಪ್ರಯತ್ನವೇ ಕೊನೆಯದು ಎಂಬ ತೀರ್ಮಾನವನ್ನು ಅವಳೇ ಕೈಗೊಂಡಿದ್ದಳು. ಪಾಸಾದರೆ ಇಲ್ಲಿ, ಇಲ್ಲವಾದರೆ ಮೂವರೂ ಬೆಂಗಳೂರಿಗೆ ವಾಪಸ್ಸು.

ನಾನಾದರೋ ಬೆಂಗಳೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕನಾಗಿದ್ದು, ಸಂಬಳರಹಿತ ಅಸಾಧಾರಣ ರಜೆಯ ಮೇಲೆ ಅಲ್ಲಿಗೆ ಬಂದಿದ್ದೆ. ಕರಡು ಬರೆಯುವುದರಲ್ಲಿ ನನ್ನ ವಿಭಾಗದಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಕಿಟಕಿಯ ಪಕ್ಕದ ನನ್ನ ಕುರ್ಚಿ, ಹನ್ನೊಂದಕ್ಕೊಂದು ಮತ್ತು ನಾಲ್ಕಕ್ಕೊಂದು ಕಾಫಿ, ಜ್ಯೇಷ್ಠತಾ ಪಟ್ಟಿಯಲ್ಲಿ ನನ್ನ ಹೆಸರು ಏರುತ್ತಿದ್ದ ನಿಧಾನವಾದ ಆದರೆ ಖಚಿತವಾದ ವೇಗ, ಇವೆಲ್ಲವನ್ನೂ ನಾನು ಪ್ರತಿದಿನ ನೆನೆಯುತ್ತಿದ್ದೆ. ಹೆಂಡತಿ ಫೇಲಾಗಲಿ ಎಂದು ನಾನು ಯಾವ ದೇವರಿಗೂ ಅರ್ಜಿ ಹಾಕಿರಲಿಲ್ಲ. ಪಾಸಾಗಲಿ ಎಂದು ಹಾಕಿದ ಅರ್ಜಿಯಲ್ಲಿ ಒತ್ತಾಯ ಸ್ವಲ್ಪ ಕಡಿಮೆಯಿತ್ತು ಎಂಬುದನ್ನು ಮಾತ್ರ ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಅವಳು ಬೆಳಿಗ್ಗೆ ಒಂದು ಕ್ಲಿನಿಕ್ಕಿನಲ್ಲಿ ಜನರ ರಕ್ತ ತೆಗೆಯುವ ಕೆಲಸ ಮಾಡಿ ಒಂದು ಗಂಟೆಗೆ ಮನೆಗೆ ಬರುತ್ತಿದ್ದಳು. ಊಟ ಮುಗಿಸಿ, ಮಲಗುವ ಕೋಣೆಯಲ್ಲಿ ಬಟ್ಟೆ ತೂಗುಹಾಕಲೆಂದಿದ್ದ ಕ್ಲಾಸೆಟ್ಟೆಂಬ ಗೂಡಿನೊಳಗೆ ಒಂದು ಟೇಬಲ್ ಲ್ಯಾಂಪು ಹಾಗೂ ಮಡಿಚುವ ಕುರ್ಚಿಯೊಂದಿಗೆ ಹೊಕ್ಕು, ನನ್ನ ಪ್ಯಾಂಟುಗಳ ಕೆಳಗೆ ಕುಳಿತು ಓದುತ್ತಿದ್ದಳು. ಅಮ್ಮ ಮನೆಯಲ್ಲಿದ್ದರೆ, ಮಗು ಎಚ್ಚರವಿದ್ದಾಗ ಅವಳನ್ನು ಬಿಟ್ಟು ಬೇರೆಯವರನ್ನು ಅಂಗೀಕರಿಸುತ್ತಿರಲಿಲ್ಲ. ಅದನ್ನು ಎತ್ತಿಕೊಂಡು ಬೀದಿಗೆ ಹೋದರೆ, ನಾನು ಯಾರದೋ ಮಗುವನ್ನು ಕದ್ದೊಯ್ಯುತ್ತಿರುವೆನೆಂದು ಜನ ತಿಳಿಯುವಂತೆ ಅರಚುತ್ತಿತ್ತು. ಆದುದರಿಂದ ಮಗು ಮಲಗುತ್ತಿದ್ದ ಮಧ್ಯಾಹ್ನ ಎರಡರಿಂದ ನಾಲ್ಕೂವರೆಯ ಅವಧಿಯೇ ಹೆಂಡತಿಯ ಓದಿನ ಸಮಯವಾಗಿತ್ತು. ಆ ಅವಧಿಯ ಮೇಲೆ ಅವಳ ಭವಿಷ್ಯ ನಿಂತಿತ್ತು. ಮಗು ಮಲಗುವುದು ನನ್ನ ತಟ್ಟುವಿಕೆಯ ಕೌಶಲದಿಂದ ಎಂದು ನಾನು ದೃಢವಾಗಿ ನಂಬಿದ್ದೆ.

ಕೆಳಗಿನ ಮನೆಯಲ್ಲಿ ಮನೆಯೊಡತಿ ಇದ್ದರು. ಪೋರ್ಚುಗಲ್ಲಿಗೆ ಸೇರಿದ, ನಡುಸಮುದ್ರದ ಒಂದು ದ್ವೀಪದಿಂದ ಬಂದ ವಿಧವೆ. ವಯಸ್ಸು ಎಪ್ಪತ್ತರ ಆಸುಪಾಸು. ತಲೆಯಿಂದ ಕಾಲಿನವರೆಗೆ ಕಪ್ಪು ಉಡುಪು. ಸಾಂಟಾ ಕ್ಲಾರಾ ಕಣಿವೆಯಲ್ಲಿ ಹಣ್ಣಿನ ತೋಟಗಳಿದ್ದ ಕಾಲದಲ್ಲಿ ಏಪ್ರಿಕಾಟ್ ಹಣ್ಣನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಅವರು ಮೂವತ್ತು ವರ್ಷ ದುಡಿದಿದ್ದರು. ಕಾರ್ಖಾನೆಯ ಗದ್ದಲದಲ್ಲಿ ಪಕ್ಕದವಳಿಗೆ ಕೇಳುವಂತೆ ಮಾತನಾಡಿ ಮಾತನಾಡಿ, ನಿವೃತ್ತಿಯ ನಂತರವೂ ಅವರ ಕಂಠ ಅದೇ ಮಟ್ಟದಲ್ಲಿ ಉಳಿದುಬಿಟ್ಟಿತ್ತು. ದಿನವೂ ಎರಡು ಗಂಟೆಗೆ ಅವರು ಪರದೆಗಳನ್ನು ಎಳೆದು, ಕೋಣೆಯನ್ನು ಕತ್ತಲು ಮಾಡಿ, ಗ್ರಾಮಫೋನಿನ ಮೇಲೆ ಒಂದೇ ಒಂದು ಆಲ್ಬಮ್ಮನ್ನು ಇಡುತ್ತಿದ್ದರು.

ಅದು ಫಾದೋ. ಪೋರ್ಚುಗೀಸರ ಹಳೆಯ ಶೋಕಗೀತೆ. ಸಮುದ್ರಕ್ಕೆ ಹೋದ ಗಂಡ, ಬಾರದ ಹಡಗು, ಖಾಲಿ ಕಿಟಕಿ, ಈ ಮೂರು ವಿಷಯಗಳ ಮೇಲೆ ಒಂದು ಜನಾಂಗ ಇಷ್ಟು ಕಾಲ ಹಾಡಿಕೊಂಡು ಬಂದಿರುವುದು ಆಶ್ಚರ್ಯ. ಆಲ್ಬಮ್ಮಿನ ಗಾಯಕಿ ಮಾತ್ರ ಹೊಸ ಕಾಲದವಳು. ಹಳೆಯ ಹಾಡುಗಳನ್ನೇ ಆಯ್ದುಕೊಂಡು, ಫಾದೋದ ಹಳೆಯ ಗಿಟಾರಿನ ಜೊತೆಗೆ ಡ್ರಮ್ಮು ಮತ್ತು ವಿದ್ಯುತ್ ಗಿಟಾರು ಸೇರಿಸಿ ಹಾಡಿದ್ದಳು. ಚಳಿಗಾಲದಲ್ಲಿ ಬಿಸಿಗಾಳಿ ಬರಲೆಂದು ನೆಲದಲ್ಲಿ ಹಾಕಿದ್ದ ಕಬ್ಬಿಣದ ಜಾಲರಿಯ ಮೂಲಕ ಆ ಗಾಯನವು ನೇರವಾಗಿ ನಮ್ಮ ಮಲಗುವ ಕೋಣೆಗೆ ರವಾನೆಯಾಗುತ್ತಿತ್ತು. ಹಾಡಿನ ನಡುವೆ ಮನೆಯೊಡತಿಯ ಗಟ್ಟಿ ದನಿಯೂ ಕೇಳಿಬರುತ್ತಿತ್ತು. ಯಾರೊಂದಿಗೋ ಫೋನಿನಲ್ಲಿ ಮಾತನಾಡುತ್ತಿರಬೇಕೆಂದು ಭಾವಿಸಿ ನಾನು ಅದಕ್ಕೆ ಗಮನ ಕೊಟ್ಟಿರಲಿಲ್ಲ.

ಪರೀಕ್ಷೆಗೆ ಎಂಟು ವಾರವಿದ್ದಾಗ ಹೆಂಡತಿ ಅಭ್ಯಾಸದ ಪ್ರಶ್ನೆಪತ್ರಿಕೆಯೊಂದರಲ್ಲಿ ತೀರ ಕಡಿಮೆ ಅಂಕ ತೆಗೆದುಕೊಂಡು, ಕ್ಲಾಸೆಟ್ಟಿನಿಂದ ಹೊರಬಂದು, ಮಂಚದ ಮೇಲೆ ಸುಮ್ಮನೆ ಕುಳಿತಳು. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಅವಳು ಅಳಲಿಲ್ಲ. ಪರಿಹಾರ ತಿಳಿಯದ ಸಮಸ್ಯೆ ಎದುರಾದಾಗ ಪತ್ರ ಬರೆಯುವುದು ನಮ್ಮ ಕಚೇರಿಯ ಪದ್ಧತಿ. ಓದಿಗೆ ಅಡ್ಡಿಯಾಗುತ್ತಿರುವುದು ಆ ಗಾಯನವೇ ಎಂದು ಯಾರನ್ನೂ ಕೇಳದೆ ನಿರ್ಧರಿಸಿ, ಹೆಂಡತಿಗೆ ತಿಳಿಸದೆ, ಕ್ಯುಪರ್ಟಿನೋದಲ್ಲಿದ್ದ ಅವಳ ಅಣ್ಣನ ಮನೆಯಿಂದ ಟೈಪ್‌ರೈಟರು ತರಿಸಿಕೊಂಡೆ.

ಇಂಗ್ಲಿಷಿನಲ್ಲಿ ನಾನು ಟೈಪಿಸಿದ ಆ ಪತ್ರದ ಸಾರಾಂಶ ಹೀಗಿತ್ತು. ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ತಮ್ಮ ನಿವಾಸದಿಂದ ಪ್ರತಿದಿನ ಹೊರಹೊಮ್ಮುವ ಗಾಯನವು ಮೇಲ್ಮಹಡಿಯ ನಿವಾಸಿಗಳ ಶೈಕ್ಷಣಿಕ ಹಿತಾಸಕ್ತಿಗೆ ಧಕ್ಕೆ ತರುತ್ತಿರುವುದು ಈ ಕೆಳಗೆ ಸಹಿ ಮಾಡಿದವನ ಗಮನಕ್ಕೆ ಬಂದಿರುತ್ತದೆ. ತಾವು ಸೂಕ್ತ ಕ್ರಮ ಕೈಗೊಂಡು, ಕೈಗೊಂಡ ಕ್ರಮದ ವರದಿಯನ್ನು ಏಳು ದಿನಗಳೊಳಗೆ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಮುಂದಿನ ಕ್ರಮ ಅನಿವಾರ್ಯವಾಗುವುದು. ಮುಂದಿನ ಕ್ರಮ ಯಾವುದೆಂದು ನನಗೆ ತಿಳಿದಿರಲಿಲ್ಲ. ನಮ್ಮ ಕಚೇರಿಯಲ್ಲೂ ಅದು ಯಾರಿಗೂ ತಿಳಿದಿರುತ್ತಿರಲಿಲ್ಲ. ಪತ್ರಕ್ಕೊಂದು ಸಂಖ್ಯೆ ಕೊಟ್ಟೆ. ಬಾಡಿಗೆ ಕರಾರಿಗೆ ಜಾಮೀನಾಗಿದ್ದ ಹೆಂಡತಿಯ ಅಣ್ಣನಿಗೆ ಒಂದು ಪ್ರತಿ, ಕಚೇರಿಗೆ ಒಂದು ಪ್ರತಿ. ಕಚೇರಿ ಎಂದರೆ ಅಡುಗೆಮನೆಯ ಎರಡನೆಯ ಡ್ರಾಯರು.

ಅಷ್ಟಕ್ಕೆ ನಿಲ್ಲಿಸಿದ್ದರೂ ಅನಾಹುತ ಮಿತಿಯಲ್ಲಿರುತ್ತಿತ್ತು. ಆದರೆ ಸ್ವೀಕೃತಿಯಿಲ್ಲದ ಪತ್ರವು ಪತ್ರವೇ ಅಲ್ಲ ಎಂದು ನನಗೆ ಕಲಿಸಲಾಗಿತ್ತು. ಒಂದು ನೋಟ್‌ಬುಕ್ಕಿಗೆ ಗೆರೆ ಎಳೆದು ಟಪಾಲು ಪುಸ್ತಕ ಮಾಡಿ, ಕೆಳಗೆ ಇಳಿದು, ಆ ವೃದ್ಧೆಯ ಬಾಗಿಲು ತಟ್ಟಿ, ಪತ್ರ ಕೊಟ್ಟು, ಸಹಿ ಹಾಕಿಸಿಕೊಂಡೆ. ಅವರು ಪತ್ರದ ಮೇಲಿನ ಸಂಖ್ಯೆಯನ್ನು ನೋಡಿದರು, ನನ್ನನ್ನು ನೋಡಿದರು, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಸಹಿ ಹಾಕಿದರು. ಅಮೆರಿಕದಲ್ಲಿ ಸಂಖ್ಯೆಯಿರುವ ಟೈಪಿಸಿದ ಕಾಗದವನ್ನು ಸಹಿ ಪಡೆದು ಕೊಡುವವನು ಕೋರ್ಟಿನವನೊಬ್ಬನೇ ಎಂಬ ಮಾಹಿತಿ ನನಗೆ ಆಗ ಲಭ್ಯವಿರಲಿಲ್ಲ.

ಮರುದಿನ ಎರಡು ಗಂಟೆಗೆ ಕೆಳಮನೆಯಿಂದ ಯಾವ ಸದ್ದೂ ಬರಲಿಲ್ಲ. ನನಗೆ ಅಪಾರ ತೃಪ್ತಿಯಾಯಿತು. ಎರಡೂ ಹತ್ತಕ್ಕೆ ಮಗು ಅಳತೊಡಗಿತು. ತಟ್ಟಿದೆ. ಇನ್ನಷ್ಟು ತಟ್ಟಿದೆ. ಆದಿತಾಳದಲ್ಲಿ, ರೂಪಕದಲ್ಲಿ, ಕಡೆಗೆ ತಾಳ ಬಿಟ್ಟು ತಟ್ಟಿದೆ. ನಾಲ್ಕೂವರೆಯವರೆಗೂ ಅತ್ತಿತು. ಎರಡನೆಯ ದಿನವೂ ಹಾಗೆಯೇ. ಮೂರನೆಯ ದಿನ ಕ್ಲಾಸೆಟ್ಟಿನ ಬಾಗಿಲು ತೆರೆದುಕೊಂಡಿತು.

"ಕೆಳಗಡೆ ಅಜ್ಜಿ ಊರಲ್ಲಿಲ್ವಾ?" ಎಂದಳು ಹೆಂಡತಿ.

"ಇದ್ದಾರೆ. ಯಾಕೆ?"

"ಹಾಡು ಯಾಕಿಲ್ಲ? ಆ ಹಾಡು ಬಂದ್ರೇನೇ ಇವಳು ಮಲಗೋದು."

"ಇವಳು ಮಲಗೋದು ನಾನು ತಟ್ಟೋದ್ರಿಂದ."

"ನೀವು ತಟ್ಟೋದು ಕಂದಾಯ ವಸೂಲಿಗೆ ಬಾಗಿಲು ತಟ್ಟಿದ ಹಾಗಿರುತ್ತೆ. ಯಾವ ಮಗು ಮಲಗುತ್ತೆ? ಹೋಗಿ ಅಜ್ಜಿಗೆ ಏನಾಯ್ತು ನೋಡ್ಕೊಂಡ್ ಬನ್ನಿ."

ನಾನು ಹೋಗಲಿಲ್ಲ. ಸಂಜೆ ಅವಳು ಸೌಟು ಹುಡುಕಲು ಎರಡನೆಯ ಡ್ರಾಯರು ಎಳೆದಾಗ ಕಚೇರಿ ಪ್ರತಿ ಸಿಕ್ಕಿತು. ನಿಂತಲ್ಲೇ ಓದಿದಳು. ಎರಡು ಸಲ ಓದಿದಳು.

"ಈ ಕೆಳಗೆ ಸಹಿ ಮಾಡಿದವನು," ಎಂದಳು ನಿಧಾನವಾಗಿ. "ಯಾರ್ರೀ ಇವನು? ನಮ್ಮನೇಲಿ ಇಂಥವನೊಬ್ಬ ಇದಾನೆ ಅಂತ ನಂಗೆ ಗೊತ್ತೇ ಇರ್ಲಿಲ್ಲ."

"ನಿನ್ನ ಓದಿಗೆ ಅನುಕೂಲ ಆಗ್ಲಿ ಅಂತ..."

"ಏಳು ವಾರ ನಾಲ್ಕು ದಿನ ಇದೆ. ಮೂರು ಮಧ್ಯಾಹ್ನ ಹೋಯ್ತು. ನಾನೇನಾದ್ರೂ ಹಾಡಿನ ಬಗ್ಗೆ ನಿಮ್ಗೆ ಹೇಳಿದ್ನಾ? ಒಂದು ಮಾತು?"

ಹೇಳಿರಲಿಲ್ಲ. ದೂರನ್ನು ಹಿಂಪಡೆಯುವ ಬಗ್ಗೆ ಕೂಡಲೇ ಪತ್ರ ಬರೆಯುವುದಾಗಿ ನಾನು ಭರವಸೆ ನೀಡಿದೆ. ಅವಳು ಟೈಪ್‌ರೈಟರಿನ ಮೇಲೆ ಮಗುವಿನ ಒದ್ದೆ ಟವೆಲನ್ನು ಹಾಸಿ, "ಕಾಲಿಲ್ವೇನ್ರೀ? ಹದಿನಾಲ್ಕು ಮೆಟ್ಟಿಲು," ಎಂದಳು.

ಮಗುವನ್ನು ಎತ್ತಿಕೊಂಡು ಹದಿನಾಲ್ಕು ಮೆಟ್ಟಿಲು ಇಳಿದೆ. ನನ್ನ ಇಂಗ್ಲಿಷು ಕಚೇರಿಯದು, ಅವರದು ಕಾರ್ಖಾನೆಯದು. ಎರಡೂ ಕಡೆಯವರು ಹೇಳಿದ್ದನ್ನು ಇಲ್ಲಿ ನನಗೆ ಅರ್ಥವಾದಂತೆ ಕೊಡುತ್ತಿದ್ದೇನೆ. ಬಾಗಿಲು ಮೂರು ಬೆರಳಷ್ಟು ಮಾತ್ರ ತೆರೆಯಿತು.

"ಸೆನ್ಯೋರ್, ನಾನು ಏನೂ ಮಾತಾಡೋದಿಲ್ಲ. ಚರ್ಚಿನ ಪಾದ್ರಿ ಹೇಳಿದ್ದಾರೆ, ಲಾಯರು ಇಲ್ಲದೆ ಒಂದು ಮಾತೂ ಆಡಬೇಡ ಅಂತ."

"ಮೇಡಂ, ಅದು ಕೋರ್ಟಿನ ಕಾಗದ ಅಲ್ಲ. ಸಾಧಾರಣ ಪತ್ರ. ನಮ್ಮ ಊರಲ್ಲಿ ನಲ್ಲಿ ಸೋರಿದರೂ ಹೀಗೇ ಬರೀತೀವಿ."

"ನಂಬರು ಇದೆ."

"ನಮ್ಮಲ್ಲಿ ಎಲ್ಲದಕ್ಕೂ ನಂಬರು ಇರುತ್ತೆ."

ಅವರು ಮಗುವನ್ನು ನೋಡಿದರು. ಮಗು ಅವರ ಕಪ್ಪು ಶಾಲಿನ ಕುಚ್ಚನ್ನು ಸಂದಿಯೊಳಗಿಂದಲೇ ಹಿಡಿದೆಳೆಯಿತು. ಬಾಗಿಲು ಪೂರ್ತಿ ತೆರೆಯಿತು. ಒಳಗೆ ನನ್ನ ಪತ್ರವನ್ನು ಒಬ್ಬ ಸಂತನ ಪ್ರತಿಮೆಯ ಪಾದದಡಿ ಮಡಿಸಿ ಇಡಲಾಗಿತ್ತು. ನನ್ನ ಸೇವಾವಧಿಯಲ್ಲಿ ನಾನು ಬರೆದ ಯಾವ ಪತ್ರಕ್ಕೂ ಅಷ್ಟು ಉನ್ನತ ಮಟ್ಟದ ಪರಿಶೀಲನೆ ದೊರೆತಿರಲಿಲ್ಲ.

ಪರೀಕ್ಷೆ, ಮಗುವಿನ ನಿದ್ದೆ, ಎಲ್ಲವನ್ನೂ ವಿವರಿಸಿ, ದಯವಿಟ್ಟು ಆಲ್ಬಮ್ಮನ್ನು ಮತ್ತೆ ಹಾಕಬೇಕೆಂದು ಕೋರಿದೆ. ಅವರು ಪ್ಲೇಟನ್ನು ಹೊದಿಕೆಯ ಸಮೇತ ತಂದು ನನ್ನ ಕೈಗಿಟ್ಟರು.

"ತಗೊಂಡು ಹೋಗಿ. ನನ್ನ ತಂಗಿ ಊರಿಂದ ಕಳಿಸಿದ್ದು. ನನಗೆ ಈ ಹುಡುಗಿಯನ್ನು ಕಂಡರೆ ಆಗೋದಿಲ್ಲ."

ಆಗದವಳ ಹಾಡನ್ನು ದಿನವೂ ಏಕೆ ಕೇಳುತ್ತಾರೆ ಎಂಬ ಪ್ರಶ್ನೆ ನನ್ನಲ್ಲಿ ಮೂಡಿತು. ಕೇಳುವ ಧೈರ್ಯವಾಗಲಿಲ್ಲ.

ಶನಿವಾರ ಹೆಂಡತಿಯ ಅಣ್ಣ ಕ್ಯುಪರ್ಟಿನೋದಿಂದ ತನ್ನ ಸ್ಟೀರಿಯೋ ಹೊತ್ತು ತಂದ. ಕಂಪ್ಯೂಟರ್ ಚಿಪ್ಪು ತಯಾರಿಸುವ ಕಂಪನಿಯ ಎಂಜಿನಿಯರನಾದ್ದರಿಂದ ಜಗತ್ತಿನ ಎಲ್ಲ ಸಮಸ್ಯೆಗಳೂ ತಂತಿಗಳಿಂದ ಉಂಟಾಗುತ್ತವೆ ಎಂಬುದು ಅವನ ನಂಬಿಕೆ.

"ಏನ್ರೀ ಸಾಹೇಬ್ರೇ, ಇವತ್ತು ಎಷ್ಟು ಡೈಪರು ವಿಲೇವಾರಿ ಆಯ್ತು? ಪೆಂಡಿಂಗ್ ಎಷ್ಟು?" ಎಂದು ಕೇಳುತ್ತಲೇ ಎರಡು ಸ್ಪೀಕರುಗಳನ್ನು ತೊಟ್ಟಿಲಿನ ಎರಡೂ ಕಡೆ ಇಟ್ಟ. ಅವನಿಗೆ ರವಾನಿಸಿದ ಪ್ರತಿಯನ್ನು ಆಫೀಸಿನಲ್ಲಿ ಎಲ್ಲರಿಗೂ ಓದಿ ಹೇಳಿದ್ದಾಗಿ ಸಂತೋಷದಿಂದ ವರದಿ ಮಾಡಿದ.

ಹಾಡು ಆರಂಭವಾಯಿತು. ಮಗು ಅತ್ತಿತು. ಬೇಸು ಏರಿಸಿದ, ಅತ್ತಿತು. ಟ್ರೆಬಲ್ಲು ಇಳಿಸಿದ, ಅತ್ತಿತು. ಸ್ಪೀಕರುಗಳನ್ನು ನೆಲಕ್ಕೆ ಮುಖ ಮಾಡಿ ಮಲಗಿಸಿದ, ಮೇಲೆ ಕಂಬಳಿ ಹೊದಿಸಿದ, ಕೆಳಮನೆಯ ಪರಿಣಾಮ ಬರಲೆಂದು ಸ್ನಾನದ ಕೋಣೆಯೊಳಗಿಟ್ಟು ಬಾಗಿಲು ಹಾಕಿದ.

"ಪ್ಲೇಟು ಅದೇ, ಹಾಡು ಅದೇ. ನಿಮ್ಮ ಮಗಳದ್ದೇ ಏನೋ ಮ್ಯಾನುಫ್ಯಾಕ್ಚರಿಂಗ್ ಡಿಫೆಕ್ಟು," ಎಂದ.

"ಅಣ್ಣ, ನೀನು ಮನೆಗೆ ಹೋಗು," ಎಂದಿತು ಕ್ಲಾಸೆಟ್ಟು.

ಸೋಮವಾರ ಮಧ್ಯಾಹ್ನ, ಅಳುವ ಮಗುವನ್ನು ಹೆಗಲಿಗೆ ಹಾಕಿಕೊಂಡು, ನಿರುಪಯುಕ್ತವೆಂದು ಸಾಬೀತಾದ ಪ್ಲೇಟನ್ನು ಹಿಂದಿರುಗಿಸಲು ಕೆಳಗೆ ಹೋದೆ. ಮಗು ಮಲಗಲಿಲ್ಲವೆಂದು ತಿಳಿಸಿದೆ. ಮನೆಯೊಡತಿ ಹೊದಿಕೆಯ ಮೇಲಿನ ಗಾಯಕಿಯ ಚಿತ್ರವನ್ನು ನೋಡಿದರು. ಕತ್ತರಿಸಿದ ಕೂದಲು, ಕೆಂಪು ಉಡುಪು, ಬರಿಯ ಭುಜ, ನಗುಮುಖ. ಅವರಿಗೆ ತಡೆಯಲಾಗಲಿಲ್ಲ.

"ಹೇಗೆ ಮಲಗುತ್ತೆ? ನೋಡಿ ಇವಳನ್ನು! ಹಲ್ಲು ಬಿಡುತ್ತಿದ್ದಾಳೆ! ಹಲ್ಲಿನ ಪೇಸ್ಟು ಮಾರಲಿಕ್ಕೆ ಬಂದಿದ್ದಾಳೋ, ಫಾದೋ ಹಾಡಲಿಕ್ಕೆ ಬಂದಿದ್ದಾಳೋ? ಶಾಲು ಎಲ್ಲಿ?"

ಹೀಗೆನ್ನುತ್ತಲೇ ಪರದೆ ಎಳೆದು ಪ್ಲೇಟು ಹಾಕಿದರು. ಮೊದಲ ಸಾಲು ಮುಗಿಯುವ ಮೊದಲೇ ಕುರ್ಚಿಯ ತುದಿಗೆ ಬಂದಿದ್ದರು. "ಓಡುತ್ತಾಳೆ, ಓಡುತ್ತಾಳೆ! ಸಾಲಿನ ಕೊನೆಯಲ್ಲಿ ಏನು, ಬಸ್ಸು ನಿಂತಿದೆಯೇ? ಡ್ರಮ್ಮು! ಕೇಳಿ, ಡ್ರಮ್ಮು! ಗಂಡ ಸಮುದ್ರದಲ್ಲಿ ಮುಳುಗಿದ್ದಾನೆ, ಇವಳು ಡ್ರಮ್ಮು ಬಾರಿಸುತ್ತಾಳೆ. ಯಾರ ಮದುವೆ ಇದು? ಇವಳಿಗೆ ಗಂಡನೇ ಇಲ್ಲ, ಇನ್ನು ಸತ್ತ ಗಂಡನ ಹಾಡು! ಮೊದಲು ಒಬ್ಬನನ್ನು ಮದುವೆಯಾಗು, ಆಮೇಲೆ ಅವನು ಸಾಯಲಿ, ಆಮೇಲೆ ಬಾ!"

ಬೆಂಗಳೂರಿನ ರಾಮೋತ್ಸವಗಳಲ್ಲಿ ಉಚಿತ ಪಾಸಿನಲ್ಲಿ ಕುಳಿತು ಬೆಳೆಸಿಕೊಂಡ ಅಭ್ಯಾಸದಂತೆ ನನ್ನ ಬಲಗೈ ತೊಡೆಯ ಮೇಲೆ ತಾಳ ಹಾಕತೊಡಗಿತ್ತು. ಅವರು ಆ ಕೈಯನ್ನು ಹಿಡಿದು ಒತ್ತಿ ನಿಲ್ಲಿಸಿದರು.

"ಫಾದೋ ನಡೆಯುವಾಗ ಒಂದು ಸದ್ದೂ ಇರಬಾರದು. ಕತ್ತಲು ಮತ್ತು ಮೌನ. ಅದು ನಿಯಮ."

"ಆದರೆ ತಾವು ಮಾತಾಡುತ್ತಿದ್ದೀರಿ, ಮೇಡಂ."

"ನಾನು ಮಾತಾಡುತ್ತಿಲ್ಲ. ತಿದ್ದುತ್ತಿದ್ದೇನೆ."

ಆ ಕ್ಷಣದಲ್ಲಿ ನನ್ನ ಹೆಗಲು ಭಾರವಾಗಿರುವುದು ಗಮನಕ್ಕೆ ಬಂತು. ಮಗು ಬಾಯಿ ತೆರೆದುಕೊಂಡು, ನನ್ನ ಅಂಗಿಯ ಮೇಲೆ ಜೊಲ್ಲು ಸುರಿಸುತ್ತ, ಗಾಢ ನಿದ್ರೆಯಲ್ಲಿತ್ತು. ಹಾಡು ಮುಗಿಯಿತು, ಅವರು ಬೈಯುತ್ತಲೇ ಇದ್ದರು, ಮಗು ಮಲಗಿಯೇ ಇತ್ತು. ಅವರು ಪ್ಲೇಟು ತಿರುಗಿಸಲು ಎದ್ದು ಅರೆ ನಿಮಿಷ ಸುಮ್ಮನಾದಾಗ ಮಗುವಿನ ಹುಬ್ಬು ಗಂಟಿಕ್ಕಿತು. ಮತ್ತೆ ಬೈಗುಳ ಆರಂಭವಾಯಿತು, ಹುಬ್ಬು ಸಡಿಲವಾಯಿತು. ಇಷ್ಟು ದಿನ ನನ್ನ ಮಗಳನ್ನು ಮಲಗಿಸುತ್ತಿದ್ದುದು ನಾನೂ ಅಲ್ಲ, ಹಾಡೂ ಅಲ್ಲ ಎಂಬ ಸತ್ಯವು ಹೀಗೆ ಸ್ಥಾಪಿತವಾಯಿತು.

ಇದನ್ನು ಅವರಿಗೆ ಹೇಗೆ ತಿಳಿಸುವುದು? ತಮ್ಮ ಸಂಗೀತ ಬೇಡ, ತಮ್ಮ ಬೈಗುಳ ಮಾತ್ರ ಸಾಕು ಎಂದು ಒಬ್ಬ ಹಿರಿಯ ಮಹಿಳೆಗೆ ಯಾವ ನಮೂನೆಯಲ್ಲೂ ಹೇಳಲಾಗದು. ಆದರೂ ಮೆಲ್ಲಗೆ ಪೀಠಿಕೆ ಹಾಕಿ ಹೇಳಿದೆ.

"ಗಂಡ ಹೋದ ಮೇಲೆ ಹತ್ತು ವರ್ಷದಿಂದ ನಾನು ಗೋಡೆಗೆ ಬೈಯುತ್ತಿದ್ದೇನೆ, ಸೆನ್ಯೋರ್. ಈಗ ಒಂದು ಕೂಸಿಗೆ ಬೇಕಾಯಿತೇ?" ಎಂದರು. ಬಳಿಕ ಸಂತನ ಪಾದದಡಿಯಿಂದ ನನ್ನ ಪತ್ರವನ್ನು ಎಳೆದು, "ನೀವು ಇಂಥ ಪತ್ರ ಬರೆಯುತ್ತೀರಲ್ಲ. ಜನ ಹೆದರುವಂಥದ್ದು. ಈ ಹುಡುಗಿಗೆ ಒಂದು ಬರೆಯಿರಿ. ಅವಳ ತಪ್ಪುಗಳನ್ನೆಲ್ಲ ನಾನು ಹೇಳುತ್ತೇನೆ. ನಂಬರು ಇರಲಿ," ಎಂದರು.

ನನ್ನ ವೃತ್ತಿಜೀವನದ ಸಮಸ್ತ ವಿದ್ಯೆಯೂ ಯಾವ ದಿನಕ್ಕಾಗಿ ಕಾಯುತ್ತಿತ್ತೋ ಆ ದಿನ ಅದಾಗಿತ್ತು. ಪರೀಕ್ಷೆಗೆ ಏಳು ವಾರ. ಒಂದು ಪತ್ರವನ್ನು ಏಳು ವಾರ ಎಳೆಯುವುದು ಇತರರಿಗೆ ಕಷ್ಟವಿರಬಹುದು. ನಾನು ಒಂದು ಬೇಲಿಯ ವಿವಾದವನ್ನು ಮೂರು ವರ್ಷ ಜೀವಂತವಾಗಿಟ್ಟವನು.

ಮರುದಿನದಿಂದ ಕಾರ್ಯಕ್ರಮ ನಿಗದಿಯಾಯಿತು. ಎರಡು ಗಂಟೆಗೆ ಪರದೆ. ಸೋಫಾದ ಮೇಲೆ ಮಗು. ದಿನಕ್ಕೊಂದು ಹಾಡು ಮಾತ್ರ, ಅದೂ ಮತ್ತೆ ಮತ್ತೆ. ಅವರು ಹೇಳುವರು, ನಾನು ಬರೆದುಕೊಳ್ಳುವೆನು. ಮೊದಲು ಟಿಪ್ಪಣಿ, ಟಿಪ್ಪಣಿಯ ಮೇಲೆ ಕರಡು, ಕರಡಿನ ಮೇಲೆ ಪರಿಷ್ಕೃತ ಕರಡು. "ತಪ್ಪು" ಎನ್ನುವುದೋ "ಲೋಪ" ಎನ್ನುವುದೋ ಎಂಬ ಬಗ್ಗೆ ಎರಡು ಮಧ್ಯಾಹ್ನ ಚರ್ಚಿಸಿದೆವು. ಒಂದು ಭಾವದ ಹೆಸರನ್ನು ಹೇಳಿ, ಅದಕ್ಕೆ ಜಗತ್ತಿನ ಯಾವ ಭಾಷೆಯಲ್ಲೂ ಅನುವಾದವಿಲ್ಲ ಎಂದು ಅವರು ಎದೆ ಮುಟ್ಟಿಕೊಂಡರು. ಹಾಗೆನ್ನುವವರನ್ನು ನಾನು ಕಚೇರಿಯಲ್ಲಿ ಬಹಳ ಮಂದಿ ಕಂಡಿದ್ದೆ. ಅನುವಾದ ಮಾಡಲು ಸೋಮಾರಿತನ. ಆದರೆ ಆ ಪದಕ್ಕಾಗಿ ಮೂರು ಮಧ್ಯಾಹ್ನ ಖರ್ಚು ಮಾಡುವ ಅವಕಾಶವಿದ್ದುದರಿಂದ ನಾನು ಆಕ್ಷೇಪಿಸಲಿಲ್ಲ.

ಒಟ್ಟು ಹತ್ತೊಂಬತ್ತು ಲೋಪಗಳು ಪಟ್ಟಿಯಾದವು. ಮೇಲೆ ಕ್ಲಾಸೆಟ್ಟಿನಲ್ಲಿ ಹೆಂಡತಿ ಮೂತ್ರಪಿಂಡಗಳನ್ನು ಮುಗಿಸಿ ಹೃದಯಕ್ಕೆ ಬಂದಿದ್ದಳು. ಅಭ್ಯಾಸದ ಅಂಕಗಳು ಏರತೊಡಗಿದವು. ಊಟದ ಹೊತ್ತಿಗೆ "ಇವತ್ತು ಎಷ್ಟನೇ ಲೋಪ?" ಎಂದು ಕೇಳುವಳು. ಹೇಳಿದರೆ ಅನ್ನ ಗಂಟಲಿಗೆ ಸಿಕ್ಕುವಂತೆ ನಗುವಳು. ಅವಳು ಹಾಗೆ ನಗುವುದನ್ನು ನಾನು ಬಹಳ ತಿಂಗಳಿಂದ ನೋಡಿರಲಿಲ್ಲ.

ತೊಂದರೆ ಆರಂಭವಾದುದು ಐದನೆಯ ವಾರದಲ್ಲಿ. ತಪ್ಪು ಹುಡುಕಲೆಂದು ಒಂದೊಂದು ಹಾಡನ್ನೂ ಅಷ್ಟು ಸೂಕ್ಷ್ಮವಾಗಿ ಕೇಳಬೇಕಾಗಿ ಬಂದ ಮನೆಯೊಡತಿ, ಒಂದು ದಿನ ಒಂಬತ್ತನೆಯ ಲೋಪದ ಬಳಿ ಕೈ ಎತ್ತಿದರು.

"ಇದನ್ನು ಹೊಡೆದುಹಾಕಿ. ಅವಳು ಅಲ್ಲಿ ಉಸಿರು ಎಳೆದದ್ದು ಸರಿ."

"ಮೇಡಂ, ಅದು ಆಗಲೇ ಪರಿಷ್ಕೃತ ಕರಡಿನಲ್ಲಿದೆ."

"ಹೊಡೆದುಹಾಕಿ."

ಮರುದಿನ ನಾಲ್ಕು ಮತ್ತು ಏಳು ಹೋದವು. ಅದರ ಮರುದಿನ ಹನ್ನೊಂದು. ನಾನು ಉಳಿಸಿಕೊಳ್ಳಲು ಎಷ್ಟು ವಾದಿಸಿದರೂ ಲೋಪಗಳು ಉದುರುತ್ತಲೇ ಹೋದವು. "ನನ್ನ ಗಂಡ ಇದನ್ನು ಹಾಡುತ್ತಿದ್ದ. ಕೆಟ್ಟದಾಗಿ ಹಾಡುತ್ತಿದ್ದ, ಕಾರ್ಖಾನೆಯ ಸೈರನ್ನು ಅವನಿಗಿಂತ ವಾಸಿ. ಇವಳು ಚೆನ್ನಾಗಿ ಹಾಡುತ್ತಿದ್ದಾಳೆ ಅಂತಲೇ ನನಗೆ ಸಿಟ್ಟು ಬಂದದ್ದೋ ಏನೋ," ಎಂದರು ಒಮ್ಮೆ, ನನಗಲ್ಲ, ಗ್ರಾಮಫೋನಿಗೆ. ಪರೀಕ್ಷೆಗೆ ಆರು ದಿನ ಉಳಿದಿದ್ದಾಗ ಪಟ್ಟಿಯಲ್ಲಿ ಉಳಿದದ್ದು ಬರಿಯ ಭುಜವೊಂದೇ. ಅಂದು ಅವರು ಹಾಡು ಹಾಕಿ, ಕಣ್ಣು ಮುಚ್ಚಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಕತ್ತಲು ಮತ್ತು ಮೌನದ ನಿಯಮವನ್ನು ಅಕ್ಷರಶಃ ಪಾಲಿಸಿದರು.

ಮಗು ಎದ್ದು ಕುಳಿತು ಅಳತೊಡಗಿತು. ಮೇಲೆ ಕ್ಲಾಸೆಟ್ಟಿನ ಕುರ್ಚಿ ಹಿಂದಕ್ಕೆ ಸರಿದ ಸದ್ದು ಜಾಲರಿಯೊಳಗಿಂದ ಸ್ಪಷ್ಟವಾಗಿ ಕೇಳಿಸಿತು.

ಆ ಸ್ಥಿತಿಯಲ್ಲಿ ನಾನು ಸುಮ್ಮನಿರಬಹುದಿತ್ತು. ಸುಮ್ಮನಿದ್ದರೆ ಯಾರೂ ನನ್ನ ಮೇಲೆ ತಪ್ಪು ಹೊರಿಸುತ್ತಿರಲಿಲ್ಲ. ವೃದ್ಧೆಗೆ ಹಾಡು ಹಿಡಿಸಿದ್ದು ನನ್ನ ಅಪರಾಧವೇ? ಬೆಂಗಳೂರಿನ ಕುರ್ಚಿ ನನ್ನ ಕಣ್ಣಮುಂದೆ ಬಂದುಹೋಯಿತು ಎಂಬುದನ್ನೂ ಮರೆಮಾಚುವುದಿಲ್ಲ. ಅದು ಬಂದಷ್ಟೇ ಬೇಗ, ಅಂಕ ಕಡಿಮೆ ಬಂದ ದಿನ ಮಂಚದ ಮೇಲೆ ಅಳದೆ ಕುಳಿತಿದ್ದ ಹೆಂಡತಿಯೂ ಬಂದಳು. ಮಗುವನ್ನು ಎತ್ತಿಕೊಂಡು ನಾನು ಬಾಯಿ ತೆರೆದೆ.

"ಮೇಡಂ, ಹಾಡಿಗಿಂತ ಆ ಡ್ರಮ್ಮೇ ಚೆನ್ನಾಗಿದೆ."

ಅವರ ಒಂದು ಕಣ್ಣು ತೆರೆಯಿತು.

"ನನ್ನ ಅಭಿಪ್ರಾಯದಲ್ಲಿ ಡ್ರಮ್ಮು ಇನ್ನೂ ಸ್ವಲ್ಪ ಜೋರಾಗಿರಬೇಕಿತ್ತು. ಆ ಹಳೆಯ ಗಿಟಾರು ಬಹಳ ಕೊಂಯ್‌ಗುಡುತ್ತೆ. ತೆಗೆದುಬಿಟ್ಟರೆ ಯಾರಿಗೂ ಗೊತ್ತಾಗೋದಿಲ್ಲ."

ಎರಡನೆಯ ಕಣ್ಣೂ ತೆರೆಯಿತು. ಮೂವತ್ತು ವರ್ಷ ಯಂತ್ರಗಳನ್ನು ಮೀರಿಸಿದ ಆ ಕಂಠವು ಎದ್ದು ನಿಂತಿತು. ಅಂದು ನನ್ನ ಕಿವಿಗಳ ಬಗ್ಗೆ, ನನ್ನ ದೇಶದ ಕಿವಿಗಳ ಬಗ್ಗೆ, ನನಗೆ ಮದುವೆ ಮಾಡಿಕೊಟ್ಟವರ ಬುದ್ಧಿಯ ಬಗ್ಗೆ ಅವರು ಆಡಿದ ಮಾತುಗಳನ್ನು ಇಲ್ಲಿ ದಾಖಲಿಸುವ ಅಗತ್ಯವಿಲ್ಲ. ಮೂರನೆಯ ನಿಮಿಷದಲ್ಲಿ ಮಗುವಿನ ತಲೆ ನನ್ನ ಹೆಗಲಿಗೆ ಒರಗಿತು. ಮೇಲೆ ಕುರ್ಚಿ ಮತ್ತೆ ಮುಂದಕ್ಕೆ ಸರಿಯಿತು.

ಉಳಿದ ದಿನಗಳಲ್ಲಿ ನಾನು ಹಗಲೆಲ್ಲ ಕುಳಿತು ಅಸಂಬದ್ಧ ಅಭಿಪ್ರಾಯಗಳನ್ನು ಸಿದ್ಧಪಡಿಸಿಕೊಂಡೆ. ದುಃಖದ ಹಾಡುಗಳನ್ನು ಬೇಗ ಹಾಡಿದರೆ ಬೇಗ ಮುಗಿಯುತ್ತವೆ ಎಂದೆ. ಗಂಡ ಮುಳುಗಿದ್ದರಲ್ಲಿ ಹೆಂಡತಿಯ ತಪ್ಪೂ ಇರಬಹುದು, ಎರಡೂ ಕಡೆಯವರ ಹೇಳಿಕೆ ಪಡೆಯಬೇಕು ಎಂದೆ. ಸತ್ತ ಗಂಡನಿಗಾಗಿ ಇಷ್ಟು ಅಳುವ ಬದಲು ಪಿಂಚಣಿಗೆ ಅರ್ಜಿ ಹಾಕಬಹುದಿತ್ತು ಎಂದ ದಿನ ಅವರು ಚಪ್ಪಲಿ ಎಸೆದರು. ಮಗು ಐದು ಗಂಟೆಯವರೆಗೂ ಮಲಗಿತು. ಐದನೆಯ ದಿನದ ಹೊತ್ತಿಗೆ ಅವರಿಗೆ ನನ್ನ ಉಪಾಯ ತಿಳಿದಿತ್ತೆಂದು ನನಗೆ ಅನುಮಾನ. ಬೈಯುವಾಗ ಅವರು ನನ್ನನ್ನು ನೋಡದೆ ಮಗುವಿನ ರೆಪ್ಪೆಗಳನ್ನು ನೋಡುತ್ತಿದ್ದರು. ಗಾಯಕಿಗೆ ಬರೆದ ಪತ್ರವನ್ನು ಕಳುಹಿಸಲಿಲ್ಲ. ಒಂದು ಭುಜಕ್ಕಾಗಿ ಅಂಚೆ ಏಕೆ ಎಂದರು.

ಹೆಂಡತಿ ಎರಡು ದಿನ ಪರೀಕ್ಷೆ ಬರೆದಳು. ಫಲಿತಾಂಶವು ಹತ್ತು ವಾರಗಳ ಬಳಿಕ ಒಂದು ತೆಳುವಾದ ಲಕೋಟೆಯಲ್ಲಿ ಬಂತು. ಮೆಟ್ಟಿಲ ಮೇಲೆಯೇ ನಿಂತು ಒಡೆದಳು, ಓದಿದಳು, ಹಾಗೆಯೇ ಕುಳಿತುಬಿಟ್ಟಳು. ಕಾಗದವನ್ನು ನನ್ನತ್ತ ಚಾಚಿದಳು. ಪಾಸು. ಈ ಬಾರಿ ಕೂದಲೆಳೆಯಲ್ಲ, ಧಾರಾಳವಾಗಿ.

ನಾನು ಅಭಿನಂದನೆ ತಿಳಿಸಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ನಿಮ್ಗೆ ವಾಪಸ್ ಹೋಗ್ಬೇಕಿತ್ತು ಅಲ್ವಾ?" ಎಂದಳು.

"ಯಾರು ಹೇಳಿದ್ದು?"

"ಯಾರು ಹೇಳ್ಬೇಕು? ನಿದ್ದೇಲಿ ನಿಮ್ಮ ಸೆಕ್ಷನ್ನಿನ ಜವಾನನನ್ನ ಕರೆದು ಕಾಫಿ ಕೇಳ್ತೀರ."

ಸುಳ್ಳು ಹೇಳಲು ಸಮಯವಿರಲಿಲ್ಲ. ಹೌದು ಎಂದೆ.

"ಮತ್ತೆ ಆರು ದಿನ ಚಪ್ಪಲಿ ಏಟು ಯಾಕೆ ತಿಂದ್ರಿ?"

"ಒಂದೇ ಏಟು. ಅದೂ ತಾಗಲಿಲ್ಲ."

"ಕೇಳಿದ್ದಕ್ಕೆ ಉತ್ತರ ಹೇಳಿ."

ಈ ಪ್ರಶ್ನೆಗೆ ಉತ್ತರವನ್ನು ಸಿದ್ಧಪಡಿಸಲು ನಾನು ಕಾಲಾವಕಾಶ ಕೋರಬೇಕೆಂದಿದ್ದೆ. ಅವಳು ಕೊಡಲಿಲ್ಲ, ಕಾಗದವನ್ನು ನನ್ನ ಕೈಯಿಂದ ಕಿತ್ತುಕೊಂಡು, ಮಗುವನ್ನೂ ಕಿತ್ತುಕೊಂಡು, ಮೆಟ್ಟಿಲ ಮೇಲೆ ಪಕ್ಕಕ್ಕೆ ಸರಿದು ನನಗೆ ಕೂರಲು ಜಾಗ ಮಾಡಿದಳು. ನಾನು ಕುಳಿತೆ. ಬೆಂಗಳೂರಿಗೆ ಬರೆಯಬೇಕಾದ ರಾಜೀನಾಮೆ ಪತ್ರದ ಮೊದಲ ವಾಕ್ಯವು ಮನಸ್ಸಿನಲ್ಲಿ ಮೂಡತೊಡಗಿತ್ತು. ಅದನ್ನು ನಾಳೆ ನೋಡಿಕೊಂಡರಾಯಿತೆಂದು ಬಿಟ್ಟು, ರಾತ್ರಿಯ ಅಡುಗೆಗೆ ಏನು ಮಾಡಲಿ ಎಂದು ಅವಳನ್ನು ಕೇಳಿದೆ.